ನಲವತ್ತೇಳನೇ ನಂಬರಿನ ಅರ್ಜಿ

ಅಂಬುಜಮ್ಮ ಮೇ ಮೂವತ್ತೊಂದಕ್ಕೆ ರಿಟೈರಾಗುತ್ತಾಳೆ ಎನ್ನುವುದು ಬೈರಾಪಟ್ಟಣದ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಒಬ್ಬೊಬ್ಬರೂ ಅದನ್ನು ತಮಗೆ ಬೇಕಾದ ಹಾಗೆ ಹೊಂದಿಸಿಟ್ಟುಕೊಂಡಿದ್ದರು. ಗಂಡ ಕೆಂಪಯ್ಯನಿಗೆ ರೇಷ್ಮೆ ಹುಳುಮನೆಗೆ ಇನ್ನೆರಡು ಕೈ ಸಿಕ್ಕಂತಾಗುತ್ತಿತ್ತು. ಬಿಡದಿಯ ಕಾರ್ಖಾನೆಯಲ್ಲಿ ಶಿಫ್ಟಿನ ಮೇಲೆ ದುಡಿಯುವ ಮಗ ದೀಪುವಿಗೆ, ನಾಲ್ಕು ವರ್ಷದ ಮಗಳು ಮಧುವಿಗೆ ಇನ್ನು ಅಜ್ಜಿಯೇ ಇರುತ್ತಾಳೆಂಬ ನಿಶ್ಚಿಂತೆ. ಸೊಸೆ ಪ್ರತಿಮಾ ಏನು ಹೊಂದಿಸಿಕೊಂಡಿದ್ದಳೋ ಯಾರೂ ಕೇಳಿರಲಿಲ್ಲ. ಅಂಬುಜಮ್ಮನನ್ನೂ ಕೇಳಿರಲಿಲ್ಲ.

ಏಪ್ರಿಲ್ ಕೊನೆಯ ವಾರ. ಮಕ್ಕಳಿಗೆ ಬೇಸಿಗೆ ರಜೆ, ಮೇಷ್ಟರುಗಳಿಗೆ ಮನೆ ಮನೆ ಸಮೀಕ್ಷೆ. ಬೆಳಿಗ್ಗೆ ಏಳಕ್ಕೇ ಅಂಬುಜಮ್ಮ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು, ಒಂದು ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ, ಇನ್ನೊಂದರಲ್ಲಿ ಫೋನು ಹಿಡಿದು ಜಗಲಿಯ ಅಂಚಿನಲ್ಲಿ ನಿಂತಿದ್ದಳು. ಮನೆಯಲ್ಲಿ ನೆಟ್‌ವರ್ಕು ಸಿಗುತ್ತಿದ್ದುದು ಅಲ್ಲೊಂದೇ ಕಡೆ.

"ನಿನ್ನೆ ಹನ್ನೊಂದು ಮನೆ ಮಾಡಿದ್ದು ಒಂದೂ ಏರಿಲ್ಲ. ಮತ್ತೆ ಓಟಿಪಿ ಕೇಳ್ತಾ ಐತೆ. ಸಾಕಪ್ಪಾ ಸಾಕು."

"ಇದನ್ನ ಐದು ವರ್ಸದಿಂದ ಹೇಳ್ತಾವಳೆ," ಎಂದ ಕೆಂಪಯ್ಯ, ಸೊಪ್ಪಿನ ಹೊರೆ ಇಳಿಸುತ್ತ. "ಇನ್ನೊಂದು ತಿಂಗ್ಳು ತಡ್ಕಳಮ್ಮ ಟೀಚ್ರೇ. ನಮ್ಮ ಹುಳ ಓಟಿಪಿ ಕೇಳಾಕಿಲ್ಲ. ಸೊಪ್ಪು ಹಾಕುದ್ರೆ ಮುಗೀತು."

"ಆ ಹುಳಾನೂ ನನ್ನ ತಲೆಗೇ ಕಟ್ಟಿ."

ಮೂವತ್ತಮೂರು ವರ್ಷದ ಸರ್ವೀಸು. ಅದರಲ್ಲಿ ಕೊನೆಯ ಹದಿನಾಲ್ಕು ವರ್ಷ ಆರು ಕಿಲೋಮೀಟರ್ ಆಚೆಯ ಹೊಂಗೆಕೊಪ್ಪಲಿನ ಶಾಲೆಯಲ್ಲಿ. ಒಂದರಿಂದ ಐದು, ಮೂವತ್ತೆಂಟು ಮಕ್ಕಳು, ಇಬ್ಬರು ಮೇಷ್ಟರು, ಅವಳು ಮತ್ತು ನಿಯಾಜ್. ಹಿರಿಯಳೆಂದು ಹೆಡ್‌ಮಿಸ್ ಕೆಲಸವೂ ಅವಳ ಮೇಲೆಯೇ ಬಿದ್ದಿತ್ತು. ಸಂಜೆ ಬಂದವಳು ನಡುಮನೆಯಲ್ಲಿ ಕಾಲು ನೀಡಿ ಕೂತು ದಿನದ ಪಟ್ಟಿ ಒಪ್ಪಿಸುತ್ತಿದ್ದಳು. ಮೊಟ್ಟೆ ಸುಲಿದ ಫೋಟೋ ಕಳಿಸಬೇಕು, ಹಾಲಿನ ಪುಡಿ ತೂಗಬೇಕು, ಶೂಗಳ ಅಳತೆ ಏರಿಸಬೇಕು, ಮುಖ ತೋರಿಸಿ ಹಾಜರಿ ಹಾಕಬೇಕು, ಬಿಸಿಲಿಗೆ ನಿಂತರೆ ಅದು ಮುಖವೇ ಅಲ್ಲ ಅನ್ನುತ್ತದೆ. ಗಂಡ, ಮಗ ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ಪೂರ್ತಿ ಕೇಳುತ್ತಿದ್ದವಳು ಪ್ರತಿಮಾ. ಕನಕಪುರದ ಹುಡುಗಿ, ಡಿ.ಎಡ್ ಮಾಡಿ ಟಿಇಟಿ ಪಾಸಾಗಿದ್ದಳು. ಮಧು ಹುಟ್ಟಿದ ಮೇಲೆ ಮನೆ, ಹುಳ ಎಂದು ಉಳಿದಿದ್ದಳು. ಅತ್ತೆಯ ಪಟ್ಟಿ ಮುಗಿದ ಮೇಲೆ ಕಾಫಿ ಲೋಟ ಎತ್ತಿಕೊಳ್ಳುತ್ತ, "ಆ ಬಾಯೇ ಬಿಡದ ಹುಡುಗಿ ಇವತ್ತೇನಾದ್ರೂ ಓದಿದ್ಲಾ ಅತ್ತೆ?" ಎಂದು ಕೇಳುತ್ತಿದ್ದಳು. ಆಗ ಅಂಬುಜಮ್ಮ ಮತ್ತೆ ಅರ್ಧ ಗಂಟೆ ಮಾತಾಡುತ್ತಿದ್ದಳು. ಆ ಅರ್ಧ ಗಂಟೆಯಲ್ಲಿ ಸಾಕು ಅನ್ನುವ ಮಾತು ಬರುತ್ತಿರಲಿಲ್ಲ.

ಮೇ ಮೊದಲ ಭಾನುವಾರ ಮಧ್ಯಾಹ್ನ, ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷ ಅಶ್ವಥ್ ಒಂದು ಚೀಲ ರಸಪೂರಿ ಮಾವಿನಹಣ್ಣು ಹೊತ್ತುಕೊಂಡು ಬಂದ.

"ಮೇಡಂ, ನೀವು ಹೋದ್ರೆ ನಿಮ್ಮ ಜಾಗಕ್ಕೆ ಪರ್ಮನೆಂಟ್ ಯಾರೂ ಬರಾಕಿಲ್ಲ. ಒಂದು ಗೆಸ್ಟ್ ಟೀಚರ್ ಪೋಸ್ಟ್ ಕೊಡ್ತಾರಂತೆ. ಹೋದ ಸಲ ಕರೆದಾಗ ಒಂದು ಅರ್ಜೀನೂ ಬರ್ಲಿಲ್ಲ. ದಿನಕ್ಕೆ ಎರಡು ಬಸ್ಸು ಬರೋ ಊರಿಗೆ ಯಾರು ಬತ್ತಾರೆ ಹೇಳಿ? ಅರ್ಜಿ ಹಾಕೋರು ಇಲ್ದೆ ಹೋದ್ರೆ ರಿಟೈರಾದೋರ್ನೇ ತಗೋಬೋದು ಅಂತ ಆರ್ಡರ್‌ನಾಗೇ ಐತೆ. ನೀವೇ ಮುಂದುವರ್ಕೊಂಡು ಹೋಗ್ಬುಡಿ."

ಮನೆಯವರೆಲ್ಲ ಅಂಬುಜಮ್ಮನ ಬಾಯಿಂದ ಇಲ್ಲ ಅನ್ನುವ ಮಾತು ಬರುವುದನ್ನು ಕಾದರು. ಅವಳು ಚೀಲದಿಂದ ಒಂದು ಹಣ್ಣು ತೆಗೆದು ತೊಟ್ಟಿನ ಹತ್ತಿರ ಒತ್ತಿ ನೋಡಿದಳು.

"ಆ್ಯಪು, ಮೊಟ್ಟೆ, ಸಮೀಕ್ಷೆ ಎಲ್ಲಾ ನಿಯಾಜ್ ನೋಡ್ಕೋಬೇಕಾಗ್ತದೆ. ನಂದು ಬರೀ ಪಾಠ."

"ಅಷ್ಟೇ ತಾನೆ ಮೇಡಂ! ನಿಯಾಜ್ ಸರ್‌ಗೆ ನಾನು ಹೇಳ್ತೀನಿ."

"ಬೇರೆ ಅರ್ಜಿ ಬರ್ದೆ ಹೋದ್ರೆ ನೋಡೋಣ."

ಅಶ್ವಥನ ಬೈಕು ತಿರುವಿನಲ್ಲಿ ಮರೆಯಾಯಿತು. ಊಟಕ್ಕೆ ಕೂತ ಮೇಲೆ ದೀಪು ಶುರು ಮಾಡಿದ.

"ಏನಮ್ಮ, ಆಗಲ್ಲ ಅನ್ನೋಕೆ ಏನಾಗಿತ್ತು ನಿಂಗೆ?"

"ಆಗಲ್ಲ ಅಂತ ನಾನು ಯಾವಾಗ ಹೇಳ್ದೆ?"

"ದಿನಾ! ಬಿಪಿ ಮಾತ್ರೆ ನುಂಗ್ಕೊಂಡು ಸಾಕು ಸಾಕು ಅನ್ನೋರು ಯಾರು, ಪಕ್ಕದ ಮನೆಯೋರಾ?"

"ಸಾಕಾಗಿರೋದು ಫೋನು ಕಣೋ. ಮಕ್ಕಳಲ್ಲ."

"ಅಂಗಾದ್ರೆ ನನ್ನ ಹುಳ?" ಕೆಂಪಯ್ಯ ಮುದ್ದೆ ಮುರಿಯುವುದನ್ನು ನಿಲ್ಲಿಸಿದ.

"ಮೂವತ್ತು ವರ್ಷ ನಾನಿಲ್ದೇನೇ ಬೆಳೆದಿದಾವಲ್ಲ."

"ತಾವಾಗೇ ಬೆಳೆದ್ವಾ? ನಮ್ಮವ್ವ ಸಾಯೋಗಂಟ ಬೆಳೆಸುದ್ಲು. ಆಮೇಲೆ ಈ ಮಗಾ ಬೆಳೆಸ್ತು," ಎಂದು ಸೊಸೆಯ ಕಡೆ ಗದ್ದ ಎತ್ತಿ ತೋರಿಸಿದ.

ಪ್ರತಿಮಾ ಪಾತ್ರೆಯಿಂದ ಬಸ್ಸಾರು ಎತ್ತುತ್ತಿದ್ದಳು. "ಇನ್ನೊಂದು ಮುದ್ದೆ ಹಾಕ್ಲಾ ಮಾವ?" ಎಂದಳು. ಬೇಡ ಅಂದ ಮೇಲೆ ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು ತುಂಬಾ ಹೊತ್ತು ಕೇಳುತ್ತಿತ್ತು.

ಹದಿನೈದನೇ ತಾರೀಕು ಅಂಬುಜಮ್ಮ ಚಾರ್ಜು ಕೊಡುವ ಕೆಲಸಕ್ಕೆ ಶಾಲೆಗೆ ಹೋದಳು. ನಿಯಾಜ್ ಮೇಷ್ಟರು ಮೊದಲೇ ಬಂದು ಬೀಗ ತೆಗೆಸಿದ್ದರು. ಅವರಿಬ್ಬರೂ ಸೇರಿ ಬೆಂಚು, ತಟ್ಟೆ, ತಕ್ಕಡಿ ಎಲ್ಲವನ್ನೂ ಪುಸ್ತಕದ ಜೊತೆ ಹೋಲಿಸಿದರು. ಭೂಪಟ ನಾಲ್ಕು, ಒಂದನ್ನು ಇಲಿ ಕಡಿದಿದೆ. ಕಡಿದದ್ದನ್ನೂ ಅಂಬುಜಮ್ಮ ಬಿಡಿಸಿ ತೋರಿಸಿ ಬರೆಸಿದಳು.

ಆಮೇಲೆ ಟಪಾಲು. ಬಂದ ಕಾಗದಕ್ಕೆ ಮೊದಲು ಮೊಹರು, ಆಮೇಲೆ ನಂಬರು, ಸಹಿ, ರಿಜಿಸ್ಟರಿನಲ್ಲಿ ಒಂದು ಸಾಲು. ಓದುವುದು ಅದಾದ ಮೇಲೆ. ಕೆಲಸಕ್ಕೆ ಸೇರಿದ ವಾರ ಕಲಿತದ್ದು, ಕೈ ತಾನಾಗಿಯೇ ಮಾಡುತ್ತಿತ್ತು. ನಲವತ್ತೈದು, ಪಠ್ಯಪುಸ್ತಕ. ನಲವತ್ತಾರು, ಶೂ. ನಲವತ್ತೇಳಕ್ಕೆ ಮೊಹರು ಒತ್ತಿ, ಸಹಿ ಮಾಡಿ, ರಿಜಿಸ್ಟರಿನಲ್ಲಿ 'ಅತಿಥಿ ಶಿಕ್ಷಕರ ಹುದ್ದೆಗೆ ಅರ್ಜಿ' ಎಂದು ಬರೆದು, ಹೆಸರಿಗಾಗಿ ಕಾಗದ ತಿರುಗಿಸಿದಳು. ದಿನವೂ ದಿನಸಿ ಚೀಟಿಯಲ್ಲಿ ನೋಡುವ ದುಂಡಗಿನ ಅಕ್ಷರ. ಪ್ರತಿಮಾ, ಬೈರಾಪಟ್ಟಣ. ಗಂಡನ ಹೆಸರಿನ ಮುಂದೆ ತನ್ನ ಮಗನ ಹೆಸರು.

"ಇದು ಯಾವಾಗ ಬಂತು?"

ನಿಯಾಜ್ ಕನ್ನಡಕ ತೆಗೆದು ಒರೆಸಿಕೊಂಡರು. "ಸೋಮವಾರ ಸ್ಕೂಟಿಯಲ್ಲಿ ಬಂದು ಕೊಟ್ಟೋದ್ರು ಮೇಡಂ. ನೀವು ಸಮೀಕ್ಷೆಗೆ ಹೋಗಿದ್ರಿ."

"ನನಗೆ ಹೇಳ್ಬೇಡಿ ಅಂದ್ಲಾ?"

"ಟಪಾಲಿನ ಜೊತೆ ಇಡಿ ಅಂದ್ರು. ಅಷ್ಟೇ ಅಂದಿದ್ದು."

"ಬೇರೆ ಅರ್ಜಿ?"

"ಇದೊಂದೇ. ಇಪ್ಪತ್ತಾರರೊಳಗೆ ಚನ್ನಪಟ್ಟಣದ ಬಿಇಒ ಆಫೀಸಿಗೆ ಮುಟ್ಟಬೇಕು."

"ನಾನೇ ತಗೊಂಡು ಹೋಗ್ತೀನಿ," ಎಂದು ಅಂಬುಜಮ್ಮ ಅರ್ಜಿಯನ್ನು ಮಡಿಸಿ ತನ್ನ ಬ್ಯಾಗಿಗೆ ಹಾಕಿಕೊಂಡಳು.

ಮಾರನೇ ದಿನ ಚನ್ನಪಟ್ಟಣಕ್ಕೆ ಹೋಗುವ ಕೆಲಸವಿತ್ತು. ಹೋದಳು, ಬ್ಯಾಂಕಿಗೆ ಹೋಗಿ ಬಂದಳು. ಅರ್ಜಿ ಬ್ಯಾಗಿನಲ್ಲೇ ಇತ್ತು. ಮನೆಯಲ್ಲಿ ಹುಳ ಪೊರೆ ಬಿಡುವ ನಾಲ್ಕನೇ ಜ್ವರದಿಂದ ಎದ್ದು ಸೊಪ್ಪಿಗೆ ಬಾಯಿ ಹಾಕಿದ್ದವು. ಹೊತ್ತಿಗೆ ಹೊರೆಗಟ್ಟಲೆ ಬೇಕು. ಪ್ರತಿಮಾ ಬೆಳಿಗ್ಗೆಯಿಂದ ಸಂಜೆವರೆಗೆ ಹುಳುಮನೆಯಲ್ಲೇ. ಅಡುಗೆ ಅಂಬುಜಮ್ಮನದಾಯಿತು. ಒಂದು ದಿನ ಹುಳಿಗೆ ಎರಡು ಸಲ ಉಪ್ಪು ಬಿತ್ತು, ಎಲ್ಲರೂ ಸುಮ್ಮನೆ ಉಂಡರು. ಅತ್ತೆ ಸೊಸೆ ಒಬ್ಬರನ್ನೊಬ್ಬರು ಹಾಲು, ಗ್ಯಾಸು, ಮಧುವಿನ ಕೆಮ್ಮು ಇಷ್ಟರ ಬಗ್ಗೆ ಮಾತ್ರ ಕೇಳುತ್ತಿದ್ದರು.

ಇಪ್ಪತ್ತೆರಡಕ್ಕೆ ನಿಯಾಜ್ ಫೋನು ಮಾಡಿದರು.

"ಮೇಡಂ, ರಿಜಿಸ್ಟರಲ್ಲಿ ನಲವತ್ತೇಳು ಇದೆ, ಪೇಪರ್ ಇಲ್ಲ. ಚಾರ್ಜ್ ತಗೊಳ್ಳೋವಾಗ ನಾನು ಏನಂತ ಸಹಿ ಹಾಕ್ಲಿ? ಅವರು ವಾಪಸ್ ತಗೊಂಡ್ರು ಅಂದ್ರೆ ಅದನ್ನಾದ್ರೂ ಪಕ್ಕದಲ್ಲಿ ಬರೆದುಬಿಡಿ."

"ಬರೀತೀನಿ."

ಹಿಂಪಡೆಯಲಾಗಿದೆ. ಒಂದೇ ಪದ, ಕೆಳಗೊಂದು ಸಹಿ. ಅಂಬುಜಮ್ಮ ಇಪ್ಪತ್ತಮೂರಕ್ಕೆ ಶಾಲೆಗೆ ಹೋಗಿ ರಿಜಿಸ್ಟರ್ ತೆಗೆದಳು. ಆ ಸಾಲಿನ ಮುಂದೆ ಸಾಕಷ್ಟು ಜಾಗವೂ ಇತ್ತು. ಬಿಸಿಯೂಟದ ಅಡುಗೆ ಮಾಡುವ ಹನುಮಂತಮ್ಮ ಬಾಗಿಲಲ್ಲಿ ಇಣುಕಿ, "ಮಿಸ್ಸಮ್ಮೋರೇ, ನೀವೇ ಇರ್ತೀರಂತಲ್ಲ, ಒಳ್ಳೇದಾಯ್ತು ಕಣವ್ವ" ಎಂದಳು. ಅಂಬುಜಮ್ಮ ಪುಸ್ತಕ ಮುಚ್ಚಿ, "ಇನ್ನೂ ಗೊತ್ತಿಲ್ಲ" ಎಂದು ಬೀಗ ಹಾಕಿಸಿ ಬಂದಳು. ಪದ ಬರೆದಿರಲಿಲ್ಲ.

ಶನಿವಾರ ಹುಳ ಹಣ್ಣಾದವು. ಹಣ್ಣಾದ ಹುಳವನ್ನು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ದಿನ ಮನೆಯಲ್ಲಿ ಯಾರಿಗೂ ಬಿಡುವಿಲ್ಲ. ದೀಪು ರಜೆ ಹಾಕಿದ್ದ. ನಾಲ್ವರೂ ಎದುರು ಬದುರು ಕೂತು ಹುಳ ಆರಿಸುತ್ತಿದ್ದರು. ಮಧು ಅಡ್ಡಾಡುತ್ತ ಒಂದೊಂದಕ್ಕೂ ಹೆಸರಿಡುತ್ತಿದ್ದಳು.

"ಅತ್ತೆ, ಸೋಮವಾರ ಕೊನೇ ದಿನ," ಎಂದಳು ಪ್ರತಿಮಾ, ತಲೆ ಎತ್ತದೆ.

"ಗೊತ್ತು."

"ಅರ್ಜಿ ಇನ್ನೂ ನಿಮ್ಮ ಬ್ಯಾಗಲ್ಲೇ ಇದೆ."

"ನನ್ನ ಬ್ಯಾಗ್ ಹುಡುಕಿದ್ಯಾ?"

"ಹುಡುಕೋದೇನು. ದಿನಾ ಅದರೊಳಗಿಂದ ಡಬ್ಬಿ ತೆಗೆದು ತೊಳೆಯೋಳು ನಾನೇ ಅಲ್ವಾ?"

"ಯಾವ ಅರ್ಜಿ?" ದೀಪು ಇಬ್ಬರನ್ನೂ ನೋಡಿದ. ಅಂಬುಜಮ್ಮ ಹೇಳಿದಳು. ಅವನು ಹೆಂಡತಿಯ ಕಡೆ ತಿರುಗಿದ. "ನಂಗೂ ಒಂದು ಮಾತು ಹೇಳ್ಲಿಲ್ವಲ್ಲ ನೀನು!"

"ಹೇಳಿದ್ರೆ, ಮಧುನ ಯಾರು ನೋಡ್ಕೋತಾರೆ ಅಂತಿದ್ರಿ."

"ಮತ್ತೆ ಯಾರು ನೋಡ್ಕೋತಾರೆ?"

"ನೋಡಿ, ಅಂದ್ರಿ."

ಕೆಂಪಯ್ಯ ಕಿಸಕ್ಕನೆ ನಕ್ಕು, ಹೆಂಡತಿಯ ಮುಖ ನೋಡಿ ಕೆಮ್ಮಿದ.

"ನಾನು ಮನೇಲೇ ಇದ್ನಲ್ಲ ಪ್ರತಿಮಾ," ಅಂಬುಜಮ್ಮನ ಧ್ವನಿ ಏರಿತು. "ನನ್ನನ್ನೇ ಕೇಳ್ಬಹುದಿತ್ತು. ಆ ನಿಯಾಜ್ ಮುಂದೆ ನಾನು ಹೇಗೆ ಕಾಣಬೇಕು?"

"ಕೇಳಿದ್ರೆ ನೀವು ಹೂಂ ಅಂದುಬಿಡ್ತಿದ್ರಿ ಅತ್ತೆ. ಮನಸ್ಸಿಲ್ದೆ ಹೂಂ ಅಂತಿದ್ರಿ. ಆಮೇಲೆ ವರ್ಷಪೂರ್ತಿ ನಾನು ನಿಮ್ಮ ಮುಖ ನೋಡ್ಬೇಕಿತ್ತು. ಬೇಡ ಅನ್ನೋದಿದ್ರೆ ಆಫೀಸಲ್ಲೇ ಬೇಡ ಅನ್ನಲಿ ಅಂತ ಟಪಾಲಿಗೆ ಹಾಕ್ದೆ."

"ನಾನು ಕೇಳ್ತಿರೋದು ಒಂದು ವರ್ಷ. ನಿಂಗೆ ಇನ್ನೂ ವಯಸ್ಸೈತೆ. ಮುಂದಿನ ವರ್ಷ ಹಾಕು."

"ಮುಂದಿನ ವರ್ಷಾನೂ ಅಶ್ವಥಣ್ಣನ ತೋಟದಲ್ಲಿ ಮಾವು ಬಿಡ್ತದೆ."

ಪ್ರತಿಮಾ ಅಂಗೈ ಮೇಲಿದ್ದ ಹುಳವನ್ನು ಚಂದ್ರಿಕೆಗೆ ಬಿಟ್ಟು, ಗಂಡನ ಕಡೆ ತೋರಿಸಿ ಅತ್ತೆಯನ್ನು ಕೇಳಿದಳು:

"ನೀವು ಕೆಲಸಕ್ಕೆ ಸೇರಿದಾಗ ಇವರಿಗೆ ಎಷ್ಟು ವಯಸ್ಸು?"

ಅಂಬುಜಮ್ಮ ಇನ್ನೊಂದು ಹುಳ ಆರಿಸಿದಳು. ಉತ್ತರ ಕೆಂಪಯ್ಯ ಕೊಟ್ಟ.

"ಹತ್ತು ತಿಂಗ್ಳು. ಇವನ್ನ ಕಂಕುಳಿಗೆ ಇಕ್ಕೊಂಡೇ ನಮ್ಮವ್ವ ಸೊಪ್ಪು ಹಾಕೋಳು. ಒಂದಿನಾನೂ ನಿಂಗೆ ಬ್ಯಾಡ ಅನ್ನಲಿಲ್ಲ ಕಣೆ."

"ಬೈತಿದ್ರು. ದಿನಾ ಬೈತಿದ್ರು," ಅಂದಳು ಅಂಬುಜಮ್ಮ.

"ಬೈಯೋಳು. ಬಸ್ಸು ಬಂದ್ಬುಡ್ತದೆ, ಇನ್ನೂ ಜಡೆ ಎಣೀತಾ ನಿಂತಿದ್ದೀಯಲ್ಲಮ್ಮಿ, ಓಡು ಅಂತ ಬೈಯೋಳು."

ಆಮೇಲೆ ಊಟದ ತನಕ ನಾಲ್ವರೂ ಹುಳ ಆರಿಸಿದರು.

ಸೋಮವಾರ ಬೆಳಿಗ್ಗೆ ಎಂಟೂವರೆ ಬಸ್ಸಿಗೆ ಅಂಬುಜಮ್ಮ ಚನ್ನಪಟ್ಟಣಕ್ಕೆ ಹೋದಳು. ಮಡಿಕೆಯ ಗೆರೆ ಬಿದ್ದಿದ್ದ ಅರ್ಜಿಯನ್ನು ಮೇಜಿನ ಮೇಲೆ ಅಂಗೈಯಿಂದ ಒತ್ತಿ ನೇರ ಮಾಡಿ ಕೊಟ್ಟು, ಸ್ವೀಕೃತಿ ಚೀಟಿ ಬರೆಸಿಕೊಂಡಳು. ಗುಮಾಸ್ತ, "ಇಷ್ಟು ದಿನ ಇಟ್ಕೊಂಡಿದ್ರಾ ಮೇಡಂ? ನಿಮ್ಮದು ಯಾವತ್ತೂ ಮೊದಲೇ ಬರ್ತಿತ್ತು" ಎಂದ. "ಈ ಸಲ ತಡ ಆಯ್ತು" ಎಂದಳು. ಮನೆಗೆ ಬಂದು ಚೀಟಿಯನ್ನು ಅಡುಗೆಕಟ್ಟೆಯ ಮೇಲಿಟ್ಟು, "ಇಟ್ಕೋ" ಎಂದು ಕಾಲು ತೊಳೆಯಲು ಹೋದಳು. ಪ್ರತಿಮಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ಇನ್ನೊಮ್ಮೆ ಒರೆಸಿ ಚೀಟಿ ಎತ್ತಿಕೊಂಡಳು.

ಸಂಜೆ ಅಶ್ವಥ್ ಫೋನಿನಲ್ಲಿ ಬೇಜಾರು ಮಾಡಿಕೊಂಡ. "ಏನ್ ಮೇಡಂ, ಅತ್ತೆ ಕುರ್ಚಿ ಸೊಸೆಗಾ? ಊರೋರು ಆಡ್ಕೋತಾರೆ."

"ಕುರ್ಚಿ ಎಲ್ಲಪ್ಪಾ ಐತೆ? ಒಂದನೇ ಕ್ಲಾಸಲ್ಲಿ ನೆಲದ ಮೇಲೆ ಕೂರೋದು. ಆಡ್ಕೊಳ್ಳೋರು ಯಾರಾದ್ರೂ ಬಂದು ಕೂತ್ಕೊಳ್ಳಲಿ, ನಾಳೇನೇ."

ಇಪ್ಪತ್ತೊಂಬತ್ತಕ್ಕೆ ಶಾಲೆ ತೆರೆಯಿತು. ಮೂರು ದಿನ ಅಂಬುಜಮ್ಮ ಹಾಜರಿ ಕರೆದಳು. ಮೂವತ್ತೊಂದಕ್ಕೆ ಶಾಲು ಹೊದಿಸಿದರು, ಗೋಡೆ ಗಡಿಯಾರ ಕೊಟ್ಟರು, ನಿಯಾಜ್ ಎರಡು ಮಾತಾಡಿದರು. ಮಾತಾಡಿ ಎಂದು ಅಂಬುಜಮ್ಮನನ್ನೂ ಎಬ್ಬಿಸಿದರು. ಅವಳು ಎದ್ದು, ಬಿಸಿಯೂಟದ ಗ್ಯಾಸು ಇವತ್ತಿಗೆ ಮುಗಿಯುತ್ತದೆ, ಇನ್ನೊಂದು ಸಿಲಿಂಡರಿಗೆ ಹೇಳಿದ್ದೇನೆ ಎಂದು ಕೂತಳು.

ಜೂನ್ ಎರಡರಿಂದ ಪ್ರತಿಮಾ ಸ್ಕೂಟಿಯಲ್ಲಿ ಹೊರಟಳು. ಮನೆ ಅಂಬುಜಮ್ಮನ ಕೈಗೆ ಬಂತು. ಮಧುವಿಗೆ ಒಂಬತ್ತಕ್ಕೆ ಕತೆ, ಹತ್ತಕ್ಕೆ ಅಕ್ಷರ, ಹತ್ತೂವರೆಗೆ ನೀರು ಕುಡಿಯುವುದು ಎಂದಾಯಿತು. "ಅಜ್ಜಿ, ನಂಗೆ ಬಾಯಾರಿಕೆ ಆಗ್ಲಿಲ್ಲ" ಅಂದರೂ ಬಿಡಲಿಲ್ಲ. ಹೊಸ ಹುಳ ಬಂದಿದ್ದವು. ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕುವ ಕೆಲಸ ಕೆಂಪಯ್ಯ ಅವಳಿಗೆ ವಹಿಸಿದ್ದ. ಎರಡನೇ ವಾರ ಒಂದು ದಿನ ಅವನು ರಾಮನಗರಕ್ಕೆ ಹೋಗಿ ಬರುವಷ್ಟರಲ್ಲಿ ಅವಳು ಹನ್ನೊಂದಕ್ಕೊಮ್ಮೆ, ನಾಲ್ಕಕ್ಕೊಮ್ಮೆ ತಪ್ಪದೆ ಹಾಕಿದ್ದಳು.

"ಏನಮ್ಮಿ ಇದು! ಜ್ವರಕ್ಕೆ ಕೂತವೆ ಹುಳ! ಪೊರೆ ಬಿಡೋ ಹೊತ್ನಲ್ಲಿ ಯಾರಾದ್ರೂ ಸೊಪ್ಪು ಹಾಕ್ತಾರಾ? ತಲೆ ಎತ್ಕೊಂಡು ಸುಮ್ಕೆ ನಿಂತಿರೋದು ಕಾಣಾಕಿಲ್ವಾ?"

"ನಾಲ್ಕು ಗಂಟೆಗೆ ಅಂತ ನೀವೇ ಹೇಳಿದ್ರಿ."

"ಗಂಟೆ ನೋಡಿ ಹಾಕೋಕೆ ಇದೇನು ನಿನ್ನ ಇಸ್ಕೂಲಾ? ಹುಳ ನೋಡಿ ಹಾಕ್ಬೇಕು. ಈಗ ಅರ್ಧ ಮುಂದೆ, ಅರ್ಧ ಹಿಂದೆ ಆಗ್ತವೆ. ಮೂವತ್ತೈದು ವರ್ಸ ಹುಳದ ಮನೇಲಿದ್ದು ಇಷ್ಟು ಗೊತ್ತಾಗ್ಲಿಲ್ವಾ ನಿಂಗೆ?"

"ಎಂಟಕ್ಕೆ ಹೋಗಿ ಆರಕ್ಕೆ ಬರೋಳಿಗೆ ಎಲ್ಲಿ ಗೊತ್ತಾಗ್ಬೇಕು."

ಕೆಂಪಯ್ಯ ಬಾಗಿ ಎಲೆಗಳನ್ನು ಒಂದೊಂದಾಗಿ ಎತ್ತತೊಡಗಿದ. ಅಂಬುಜಮ್ಮ ಎದುರಿಗೆ ಕೂತು ತಾನೂ ಎತ್ತಿದಳು.

ಅದೇ ವಾರದ ಶುಕ್ರವಾರ ಪ್ರತಿಮಾ ಆರಕ್ಕೆ ಬಂದಾಗ ಗಂಟಲು ಪೂರ್ತಿ ಕೂತುಹೋಗಿತ್ತು. ಕಾಫಿ ಕೊಟ್ಟರೆ ಲೋಟ ಹಿಡಿದು ಸುಮ್ಮನೆ ಕೂತಳು. ಮಧು ತೊಡೆ ಏರಿದಳು, ಇಳಿದಳು. ಅಂಬುಜಮ್ಮ ಬಿಸಿನೀರಿಗೆ ಉಪ್ಪು ಹಾಕಿ ತಂದುಕೊಟ್ಟು, "ಮುಕ್ಕಳಿಸು" ಎಂದಳು. ರಾತ್ರಿ ಅಡುಗೆಯನ್ನು ಇಬ್ಬರೂ ಸೇರಿ ಮಾಡಿದರು. ಗಂಡಸರ ಊಟವಾದ ಮೇಲೆ ಅಂಬುಜಮ್ಮ ತಟ್ಟೆ ಹಾಕಿಕೊಂಡು ಕೂತಳು. ಪ್ರತಿಮಾ ಬಡಿಸುತ್ತ ಹೇಳಿದಳು.

"ಎರಡು ವಾರ ಆಗ್ತಾ ಬಂತು, ಇನ್ನೂ ಬಾಗಿಲ ಕಡೇನೇ ನೋಡ್ತವೆ ಅತ್ತೆ. ನಾನು ಹಾಡು ಹೇಳಿದ್ರೆ, ಅಂಬುಜಾ ಮಿಸ್ಸು ಹಿಂಗೆ ಹೇಳಲ್ಲ ಅಂತವೆ. ಇವತ್ತು ಇಬ್ಬರು ಅತ್ರು. ಅಂಬುಜಾ ಮಿಸ್ಸು ಯಾವಾಗ ಬತ್ತಾರೆ ಅಂತ ಒಂದೇ ಹಟ."

ಅಂಬುಜಮ್ಮ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದಳು. "ಯಾರು ಅತ್ತಿದ್ದು?"

ಪ್ರತಿಮಾ ಹೆಸರು ಹೇಳಿದಳು. ಅಂಬುಜಮ್ಮ ತಲೆಯಾಡಿಸಿದಳು.

"ನಾಳೆ ಒಂದಿನ ಬನ್ನಿ ಅತ್ತೆ. ಸುಮ್ನೆ ಬಂದು ಕೂತ್ಕೊಳ್ಳಿ. ನಿಯಾಜ್ ಸರ್‌ನ ಕೇಳಿದೀನಿ, ಬರಲಿ ಅಂದ್ರು. ಮಧುನೂ ಕರ್ಕೊಂಡು ಹೋಗೋಣ."

ಅಂಬುಜಮ್ಮ ಮತ್ತೆ ಅನ್ನ ಕಲಸತೊಡಗಿದಳು.

"ನಾನು ಮೊದಲ ಸಲ ಸೇರಿದ ಶಾಲೇಲಿ ದೊಡ್ಡಹನುಮಯ್ಯ ಅಂತ ಒಬ್ರು ಮೇಷ್ಟ್ರಿದ್ರು. ರಿಟೈರಾಗಿದ್ರು, ಅವರ ಜಾಗಕ್ಕೇ ನಾನು ಹೋಗಿದ್ದು. ಮನೆ ಶಾಲೆ ಹಿಂದೇನೇ. ದಿನಾ ಹತ್ತೂವರೆಗೆ ಬಂದು ಕಿಟಕಿ ಹೊರಗಡೆ ನಿಂತ್ಕೊಳ್ಳೋರು. ಒಳ್ಳೇ ಮನುಷ್ಯ. ನನಗೇನೂ ಅಂತಿರಲಿಲ್ಲ, ಒಳಗೂ ಬರ್ತಿರಲಿಲ್ಲ, ಸುಮ್ನೆ ನಿಂತಿರೋರು. ಮಕ್ಕಳೆಲ್ಲ ಕಿಟಕಿ ಕಡೆ ತಿರುಗಿ ಕೂತ್ಕೊಳ್ಳೋವು."

"ಆಮೇಲೆ?"

"ಆಮೇಲೇನು. ಒಂದಿನ ಎದ್ದು ಹೋಗಿ ಕಿಟಕಿ ಬಾಗಿಲು ಹಾಕ್ದೆ."

ಪ್ರತಿಮಾ ಸೌಟು ಹಿಡಿದುಕೊಂಡೇ ನಿಂತಿದ್ದಳು. "ಮೇಷ್ಟ್ರು?"

"ಮಾರನೇ ದಿನದಿಂದ ಬರಲಿಲ್ಲ," ಎಂದು ಅಂಬುಜಮ್ಮ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. "ಒಸಿ ಸಾರು ಬಿಡು."